ಎಲೆ ಹಳದಿಯಾಯಿತೇ? ಮೊದಲು ನೀರಿನ ಪೈಪ್ ಕೆಳಗಿಡಿ

ಮಳೆಗಾಲ ಮುಗಿಯುವ ಹೊತ್ತು. ಪಕ್ಕದ ಮನೆಯ ವೈನಿ ಒಂದು ಬೊಗಸೆ ಹಳದಿ ಎಲೆ ಹಿಡಿದುಕೊಂಡು ನಮ್ಮ ಗೇಟಿಗೆ ಬಂದರು. ದಾಸವಾಳದ ಎಲೆ. "ಎಷ್ಟ್ ನೀರ್ ಹಾಕಿದ್ರೂ ಎಲಿ ಉದುರ್ಲಿಕತ್ತಾವ್ ನೋಡ್ರಿ. ಇನ್ನೂ ಎಷ್ಟ್ ಹಾಕ್ಬೇಕು?" ಅಂದರು. ಹೋಗಿ ಖುರ್ಪಿಯಿಂದ ಬುಡದ ಮಣ್ಣನ್ನು ಒಂದು ಗೇಣು ಕೆದಕಿದೆ. ಮೇಲೆ ಒಣಗಿ ಬಿರುಕು ಬಿಟ್ಟಿದ್ದ ಕಪ್ಪು ಎರೆಮಣ್ಣು, ಕೆಳಗೆ ನಾದಿಟ್ಟ ಕಣಕದ ಹಾಗೆ ಮೆತ್ತಗಿತ್ತು. ಮೂಗಿಗೆ ಹಿಡಿದರೆ ಚರಂಡಿ ವಾಸನೆ. ಆ ಗಿಡಕ್ಕೆ ಉಸಿರು ಕಟ್ಟಿತ್ತು. ವೈನಿ ದಿನಾ ಎರಡು ಕೊಡ ನೀರು ಹಾಕುತ್ತಿದ್ದರು.

ಕಲಬುರಗಿಯಲ್ಲಿ ಇಷ್ಟು ವರ್ಷ ಮನೆ ಮುಂದೆ ಗಿಡ ಬೆಳೆಸಿ ನನಗೆ ಅನಿಸಿದ್ದು ಇಷ್ಟು. ಇಲ್ಲಿ ಹಳದಿಯಾದ ಗಿಡಗಳಲ್ಲಿ ಹೆಚ್ಚಿನವು ಹಸಿದಿರುವುದಿಲ್ಲ. ಒಂದೋ ಬೇರು ನೀರಲ್ಲಿ ಕೂತಿರುತ್ತದೆ, ಇಲ್ಲವೇ ಮಣ್ಣಿನ ಸುಣ್ಣ ಗಿಡಕ್ಕೆ ಕಬ್ಬಿಣ ಸಿಗದ ಹಾಗೆ ಮಾಡಿರುತ್ತದೆ. ಆದರೆ ಹಳದಿ ಕಂಡ ಕೂಡಲೇ ನಾವು ಏನು ಮಾಡುತ್ತೇವೆ? ಇನ್ನೊಂದು ಕೊಡ ನೀರು, ಒಂದು ಮುಷ್ಟಿ ಗೊಬ್ಬರ. ಹೀಗಾಗಿ ಮೊದಲ ಮಾತು: ನಾಲ್ಕು ದಿನ ಗೊಬ್ಬರ, ಔಷಧಿ ಯಾವುದೂ ಬೇಡ. ನೀರು ಕೂಡ ಮಣ್ಣು ಕೆದಕಿ ನೋಡಿದ ಮೇಲೆಯೇ.

ಹಳದಿಯಾದದ್ದು ಯಾವ ಎಲೆ?

ಗಿಡದ ಮುಂದೆ ಐದು ನಿಮಿಷ ಕೂತು ನೋಡಿ. ಬುಡದ ಕಡೆಯ, ಒಳಗಿನ ಹಳೆ ಎಲೆ ಹಳದಿಯೋ? ತುದಿಯ ಹೊಸ ಎಲೆಯೋ? ಒಂದೇ ಟೊಂಗೆಯೋ, ಇಡೀ ಗಿಡವೋ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಯಾಕೆಂದರೆ ಸಾರಜನಕ, ಮೆಗ್ನೀಷಿಯಂ, ಪೊಟ್ಯಾಶ್ ಇವು ಗಿಡದೊಳಗೆ ಓಡಾಡುತ್ತವೆ. ಕೊರತೆ ಬಂದರೆ ಗಿಡ ಹಳೆ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ. ಹಾಗಾಗಿ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣ ಹಾಗಲ್ಲ. ಒಮ್ಮೆ ಎಲೆಗೆ ಸೇರಿದರೆ ಅಲ್ಲೇ ಉಳಿಯುತ್ತದೆ. ಅದು ಕಮ್ಮಿಯಾದರೆ ತುದಿಯ ಎಳೆ ಎಲೆಗೇ ಮೊದಲು ಪೆಟ್ಟು.

ಇನ್ನೊಂದು ಮಾತು. ನಿತ್ಯ ಹಸಿರು ಗಿಡ ಅಂದರೆ ಎಲೆ ಉದುರಿಸುವುದೇ ಇಲ್ಲ ಅಂತಲ್ಲ. ಪ್ರತಿ ಎಲೆಗೂ ಒಂದು ಆಯುಷ್ಯ ಇದೆ. ಎಲ್ಲವೂ ಒಂದೇ ಸಲ ಬೀಳುವುದಿಲ್ಲ, ಅಷ್ಟೇ. ಫಾಲ್ಗುಣ ಮುಗಿದು ಚೈತ್ರ ಬರುವಾಗ ಒಳಗಿನ ಹಳೆ ಎಲೆಗಳು ಪೂರ್ತಿ ಹಳದಿಯಾಗಿ ಬಿದ್ದು, ತುದಿಯಲ್ಲಿ ಮೊಗ್ಗು ಉಬ್ಬಿ ಚಿಗುರು ಕಾಣುತ್ತಿದ್ದರೆ ಅದು ರೋಗವಲ್ಲ. ಕಣಗಿಲೆ ಬೇಸಿಗೆಯಲ್ಲಿ ಕೆಳಗಿನ ಎಲೆಗಳನ್ನು ರಾಶಿ ರಾಶಿ ಬೀಳಿಸುತ್ತದೆ. ನೋಡಿದವರಿಗೆ ಗಾಬರಿ. ಗುಡಿಸಿ ಅದೇ ಗಿಡದ ಬುಡಕ್ಕೆ ಹಾಕಿ ಸುಮ್ನೆ ಇರಿ. ಆದರೆ ಕಣಗಿಲೆಯ ಎಲೆ, ಕಡ್ಡಿ, ಹೂ ಎಲ್ಲವೂ ವಿಷ. ಮೇಕೆ, ದನ ಬಾಯಿ ಹಾಕುವ ಕಡೆ ಆ ಎಲೆ ಬಿಡಬೇಡಿ.

ಮಣ್ಣು ಅಗೆಯುವುದು: ಇದನ್ನು ಬಿಟ್ಟು ಮುಂದೆ ಹೋಗಬೇಡಿ

ಬೆರಳು ಚುಚ್ಚಿ ತೇವ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಎರೆಮಣ್ಣಿನಲ್ಲಿ ಆ ಪರೀಕ್ಷೆ ಮೋಸ. ಮೇಲಿನ ಎರಡು ಇಂಚು ಒಣಗಿ ಕಲ್ಲಾಗಿರುತ್ತದೆ, ಬೆರಳು ಇಳಿಯುವುದೇ ಇಲ್ಲ. ಕೆಳಗೆ ನೀರು ನಿಂತಿರುತ್ತದೆ. ಖುರ್ಪಿ ಅಥವಾ ಕಬ್ಬಿಣದ ಸಲಾಕೆ ತೆಗೆದುಕೊಳ್ಳಿ. ಕಾಂಡದಿಂದ ಒಂದು ಗೇಣು ದೂರದಲ್ಲಿ, ಒಂದು ಗೇಣು ಆಳ ತೆಗೆಯಿರಿ. ಆ ಆಳದ ಮಣ್ಣನ್ನು ಅಂಗೈಯಲ್ಲಿ ಹಿಸುಕಿ. ಬತ್ತಿ ಹೊಸೆದ ಹಾಗೆ ಉದ್ದಕ್ಕೆ ಬಂದು ಕೈಗೆ ಅಂಟಿದರೆ ನೀರು ಜಾಸ್ತಿ. ಉಂಡೆಯಾಗಿ, ಒತ್ತಿದರೆ ಒಡೆದರೆ ಸರಿಯಾಗಿದೆ. ಪುಡಿಯಾದರೆ ಅಥವಾ ಹೆಂಟೆಯಂತೆ ಗಟ್ಟಿಯಾಗಿದ್ದರೆ ಒಣಗಿದೆ.

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ. ಉಬ್ಬಿದಾಗ ಒಳಗಿನ ಗಾಳಿಯ ಸಂದುಗಳು ಮುಚ್ಚಿಹೋಗುತ್ತವೆ. ಬೇರಿಗೂ ಉಸಿರಾಡಲು ಗಾಳಿ ಬೇಕಲ್ವಾ? ಸಿಗದಿದ್ದರೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯುವುದಿಲ್ಲ. ಹೀಗಾಗಿ ನೀರಲ್ಲೇ ನಿಂತ ಗಿಡ ನೀರಿಲ್ಲದ ಗಿಡದ ಹಾಗೆ ಬಾಡುತ್ತದೆ. ವೈನಿ ಮೋಸ ಹೋಗಿದ್ದು ಇಲ್ಲೇ. ಮಣ್ಣು ಹಸಿ ಇದ್ದು ಎಲೆ ಜೋತುಬಿದ್ದಿದ್ದರೆ ಒಂದು ಸಣ್ಣ ಬೇರು ಕಿತ್ತು ನೋಡಿ. ಒಳ್ಳೆ ಬೇರು ಬಿಳಿ ಅಥವಾ ತಿಳಿ ಕಂದು, ಗಟ್ಟಿ. ಕೊಳೆತದ್ದು ಕಪ್ಪಗೆ ಲೋಳೆ. ಎಳೆದರೆ ಸಿಪ್ಪೆ ಕೈಗೆ ಬಂದು ಒಳಗೆ ದಾರದಂಥ ನಾರು ಉಳಿಯುತ್ತದೆ.

ನೀರು ಇಳಿಯುತ್ತದೋ ಇಲ್ಲವೋ ಅಂತ ತಿಳಿಯಲು ಒಂದಡಿ ಆಳದ ಗುಂಡಿ ತೋಡಿ ತುಂಬಾ ನೀರು ಹಾಕಿ, ರಾತ್ರಿಯಿಡೀ ಬಿಡಿ. ಮೊದಲ ನೀರು ಬೇಗ ಇಳಿಯಬಹುದು. ಅದು ಬಿರುಕಿನ ಆಟ, ನಂಬಬೇಡಿ. ಮರುದಿನ ಮತ್ತೆ ತುಂಬಿ ಒಂದು ಕಡ್ಡಿ ಚುಚ್ಚಿ ಗುರುತು ಹಾಕಿ. ಗಂಟೆಗೆ 1 ಇಂಚಿನಷ್ಟಾದರೂ ಇಳಿದರೆ ತೊಂದರೆಯಿಲ್ಲ. ಅರ್ಧ ಇಂಚೂ ಇಳಿಯದಿದ್ದರೆ ಅಲ್ಲಿ ದಾಸವಾಳ, ನಿಂಬೆ ನೆಲಮಟ್ಟದಲ್ಲಿ ಬದುಕುವುದು ಕಷ್ಟ.

ಇಲ್ಲಿ ನಾವೆಲ್ಲ ಮಾಡುವ ತಪ್ಪೊಂದಿದೆ, ನಾನೂ ಮಾಡಿದ್ದೇನೆ. ಎರೆಮಣ್ಣಲ್ಲಿ ಗುಂಡಿ ತೋಡಿ, ಕೆಂಪು ಮಣ್ಣು, ಉಸುಕು, ಗೊಬ್ಬರ ಎಲ್ಲ ಕಲಸಿ ತುಂಬಿ ಗಿಡ ನೆಡುತ್ತೇವೆ. ಒಳಗೆ ಸಡಿಲ ಮಣ್ಣು, ಸುತ್ತ ಜೇಡಿಯಂಥ ಗೋಡೆ. ಮಳೆ ಬಂದರೆ ಅದು ಗುಂಡಿಯಲ್ಲ, ತೊಟ್ಟಿ. ಸುತ್ತಲಿನ ನೀರೆಲ್ಲ ಅದರಲ್ಲಿ ಬಂದು ನಿಲ್ಲುತ್ತದೆ. ಆಂಧ್ರದ ಕಡಿಯಂನಂಥ ಊರುಗಳ ನರ್ಸರಿಯಿಂದ ಬರುವ ಗಿಡದ ಬೇರಿಗೆ ಗಟ್ಟಿ ಕೆಂಪು ಮಣ್ಣಿನ ಉಂಡೆ ಇರುತ್ತದೆ. ಅದನ್ನು ಹಾಗೇ ಎರೆಮಣ್ಣಿಗೆ ಇಳಿಸಿದರೆ ಇನ್ನೊಂದು ಫಜೀತಿ. ಸುತ್ತಲಿನ ಮಣ್ಣು ಹಸಿ, ಉಂಡೆಯ ಒಳಗೆ ಒಣ. ನೆಡುವ ಮುಂಚೆ ಉಂಡೆಯ ಅಂಚನ್ನು ಕೈಯಿಂದ ಸಡಿಲ ಮಾಡಿ, ಸುತ್ತಿಕೊಂಡ ಬೇರು ಬಿಡಿಸಿ. ಪ್ಲಾಸ್ಟಿಕ್ ಚೀಲವನ್ನೇ ತೆಗೆಯದೆ ನೆಟ್ಟ ಗಿಡವನ್ನೂ ನೋಡಿದ್ದೇನೆ. ನೆಟ್ಟದ್ದು ನಮ್ಮ ಮನೆಗೆ ಬಂದ ಕೂಲಿಯವನು, ನಿಂತು ನೋಡಿದ್ದು ನಾನು.

ನೀರು ಜಾಸ್ತಿಯಾದ ಗಿಡಕ್ಕೆ ಪರಿಹಾರ ಇಷ್ಟೇ. ಬುಡದ ಮಡಿಯ ಒಂದು ಕಡೆ ಒಡೆದು ನೀರು ಹರಿದುಹೋಗಲು ದಾರಿ ಮಾಡಿ. ಮೇಲಿನ ಮಣ್ಣನ್ನು ಬೇರಿಗೆ ಪೆಟ್ಟಾಗದಂತೆ ಸಡಿಲಿಸಿ. ಒಂದು ಗೇಣು ಕೆಳಗಿನ ಮಣ್ಣು ಉಂಡೆಯಾಗಿ ಒಡೆಯುವ ತನಕ ನೀರು ಬೇಡ. ಹೊಸದಾಗಿ ನೆಡುವುದಾದರೆ ಗುಂಡಿಗಿಂತ ದಿಬ್ಬ ಒಳ್ಳೆಯದು. ಅದೇ ಜಾಗದ ಮಣ್ಣಿಗೆ ಕೊಳೆತ ತಿಪ್ಪೆ ಗೊಬ್ಬರ ಬೆರೆಸಿ ಒಂದಡಿ ಎತ್ತರ ಏರಿಸಿ, ಅದರ ಮೇಲೆ ನೆಡಿ.

ಮಣ್ಣು ನಿಜಕ್ಕೂ ಒಣಗಿದ್ದರೆ? ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಎರೆಮಣ್ಣು ಬಿರುಕು ಬಿಡುವಾಗ ಸಣ್ಣ ಬೇರುಗಳನ್ನು ಹರಿದುಹಾಕುತ್ತದೆ. ಪೈಪ್ ಬಿಟ್ಟರೆ ನೀರು ಬಿರುಕಿನಲ್ಲಿ ನೇರ ಪಾತಾಳಕ್ಕೆ. ಮೊದಲು ಬಿರುಕುಗಳಿಗೆ ಪುಡಿಮಣ್ಣು ತುಂಬಿ. ಆಮೇಲೆ ಸಣ್ಣಗೆ, ನಿಧಾನವಾಗಿ ನೀರು ಬಿಡಿ. ಮೇಲೆ ನಾಲ್ಕು ಬೆರಳು ದಪ್ಪ ಒಣ ಎಲೆ ಹೊದಿಸಿ, ಕಾಂಡಕ್ಕೆ ಮಾತ್ರ ತಾಗದಿರಲಿ. ತೊಗರಿ ಹೊಟ್ಟು ದನಕ್ಕೆ ಇರಲಿ, ಉದುರಿದ ಎಲೆಯೇ ಇದಕ್ಕೆ ಸಾಕು.

ಎಳೆ ಎಲೆ ಹಳದಿ, ನರ ಮಾತ್ರ ಹಸಿರು

ತುದಿಯ ಎಲೆ ನಿಂಬೆ ಬಣ್ಣಕ್ಕೆ ತಿರುಗಿ, ನರಗಳು ಮಾತ್ರ ಹಸಿರು ಗೆರೆಯಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಜೋರಾದರೆ ಎಲೆ ಬೆಳ್ಳಗಾಗಿ ಅಂಚು ಸುಡುತ್ತದೆ. ಇಕ್ಸೋರಾ, ಗಾರ್ಡೇನಿಯಾ, ನಿಂಬೆ, ದಾಸವಾಳ ಇವಕ್ಕೆ ಇದು ಬೇಗ ಬರುತ್ತದೆ.

ನಮ್ಮ ಮಣ್ಣಲ್ಲಿ ಕಬ್ಬಿಣ ಇಲ್ಲ ಅಂತಲ್ಲ. ಸುಣ್ಣ ಜಾಸ್ತಿ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ಸೇಡಂ, ಚಿತ್ತಾಪುರ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದಿರುವುದೂ ಅದೇ ಕಲ್ಲು ನೆಲದಲ್ಲಿ ಇರುವುದರಿಂದ. ಎರೆಮಣ್ಣು ಅಗೆದರೆ ಬಿಳಿ ಸುಣ್ಣದ ಹರಳು ಸಿಗುವುದು ನೀವೂ ನೋಡಿರುತ್ತೀರಿ. ಇಂಥ ಕ್ಷಾರದ ಮಣ್ಣಲ್ಲಿ ಕಬ್ಬಿಣ ನೀರಿನಲ್ಲಿ ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ. ಬೋರ್ ನೀರೂ ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ದಿನಾ ಗಿಡದ ಬುಡಕ್ಕೂ ಬೀಳುತ್ತದೆ.

ಪರೀಕ್ಷೆ ಸುಲಭ. ಒಂದು ಚಮಚ ಒಣಮಣ್ಣಿನ ಮೇಲೆ ವಿನೆಗರ್ ಹನಿಸಿ, ಇಲ್ಲದಿದ್ದರೆ ನಿಂಬೆರಸ. ಬುಸ್ ಅಂತ ನೊರೆ ಎದ್ದರೆ ಸುಣ್ಣ ಇದೆ. ನೊರೆ ಜೋರಾಗಿದ್ದಷ್ಟೂ ಸುಣ್ಣ ಜಾಸ್ತಿ. ಕಾಂಪೌಂಡ್ ಗೋಡೆಯ ಬುಡದಲ್ಲಿ ಬೇರೆಯಾಗಿ, ಅಂಗಳದ ನಡುವೆ ಬೇರೆಯಾಗಿ ಮಾಡಿ ನೋಡಿ. ನನ್ನ ಒಂದು ಸಾಲು ಇಕ್ಸೋರಾ ಎರಡು ವರ್ಷ ಹಳದಿಯಾಗೇ ಇತ್ತು. ಅಗೆದರೆ ಮನೆ ಕಟ್ಟಿದವರು ಬಿಟ್ಟುಹೋದ ಸಿಮೆಂಟ್ ಗಾರೆ, ಕಲ್ಲಿನ ಚೂರು, ಒಂದು ಬುಟ್ಟಿ ಹಳೆ ಸುಣ್ಣ. ಮೇಲೆ ನಾಲ್ಕು ಬೆರಳು ಮಣ್ಣು ಹೊದಿಸಿ ಮುಗಿಸಿದ್ದರು.

ಪರಿಹಾರಕ್ಕೆ ಅನ್ನಭೇದಿ ಬೇಕು. ಗೊಬ್ಬರದ ಅಂಗಡಿಯಲ್ಲಿ ಫೆರಸ್ ಸಲ್ಫೇಟ್ ಅಂತ ಕೇಳಿ. ತಿಳಿ ಹಸಿರು ಹರಳು ಇರಬೇಕು. ಕಂದು ಬಣ್ಣಕ್ಕೆ ತಿರುಗಿದ್ದು ಬೇಡ. 1 ಲೀಟರ್ ನೀರಿಗೆ ಮೊದಲು 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಆಮೇಲೆ 5 ಗ್ರಾಂ ಅನ್ನಭೇದಿ ಹಾಕಿ. ನಿಂಬೆ ಉಪ್ಪು ಗಡಸು ನೀರಿನಲ್ಲಿ ಕಬ್ಬಿಣ ತುಕ್ಕಾಗಿ ತಳ ಕಟ್ಟದಂತೆ ತಡೆಯುತ್ತದೆ. ಬಿಸಿಲಿಳಿದ ಮೇಲೆ ಎಲೆಯ ಎರಡೂ ಬದಿಗೆ ಸಿಂಪಡಿಸಿ. ಮಾಡಿದ್ದು ಅದೇ ದಿನ ಮುಗಿಸಿ. 10-15 ದಿನ ಬಿಟ್ಟು ಎರಡು ಮೂರು ಸಲ ಮಾಡಬೇಕು. ಕೆಳಗೆ ಹಳೆ ಸೀರೆ ಹಾಸುವುದು ಮರೆಯಬೇಡಿ. ಶಹಾಬಾದ್ ಕಲ್ಲಿನ ಮೇಲೆ ಬಿದ್ದ ತುಕ್ಕಿನ ಕಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಈ ವಿಷಯ ಇನ್ನೂ ಆಗಾಗ ಮಾತಿಗೆ ಬರುತ್ತದೆ.

ಅನ್ನಭೇದಿಯನ್ನು ಬುಡಕ್ಕೇ ಹಾಕಿದರೆ? ಸುಣ್ಣದ ಮಣ್ಣು ಅದನ್ನು ಕೆಲವೇ ದಿನದಲ್ಲಿ ನುಂಗಿಬಿಡುತ್ತದೆ. ಬುಡಕ್ಕೆ ಹಾಕುವುದಾದರೆ ಚೀಲೇಟ್ ರೂಪದ ಕಬ್ಬಿಣ, ಅಂದರೆ ಮಣ್ಣು ನುಂಗದಂತೆ ಇಡಿಟಿಎಯಂಥ ರಾಸಾಯನಿಕದಲ್ಲಿ ಹಿಡಿದಿಟ್ಟ ಕಬ್ಬಿಣ ಬೇಕು. ಅದರಲ್ಲೂ ಪೊಟ್ಟಣದ ಮೇಲೆ ಇಡಿಟಿಎ ಇದೆಯೋ ಇಡಿಡಿಎಚ್‌ಎ ಇದೆಯೋ ಓದಿ. ಇಡಿಟಿಎ ಅಗ್ಗ, ಆದರೆ ಕ್ಷಾರದ ಮಣ್ಣಲ್ಲಿ ಬೇಗ ಕೆಲಸ ಬಿಡುತ್ತದೆ. ನಮ್ಮಂಥ ಮಣ್ಣಿಗೆ ಇಡಿಡಿಎಚ್‌ಎ ಸರಿ. ಬೆಲೆ ಜಾಸ್ತಿ, ಬೇಕಾಗುವುದು ಸ್ವಲ್ಪ. ಪೊಟ್ಟಣದ ಮೇಲಿನ ಅಳತೆ ಮೀರಬೇಡಿ.

ಆದರೆ ಒಂದು ಎಚ್ಚರ. ಮಣ್ಣಲ್ಲಿ ನೀರು ನಿಂತರೂ ಇದೇ ಲಕ್ಷಣ ಕಾಣುತ್ತದೆ. ಸುಣ್ಣದ ಮಣ್ಣು ಹಸಿಯಾಗಿ ಗಾಳಿಯಿಲ್ಲದೆ ಇದ್ದಾಗ ಬೇರು ಕಬ್ಬಿಣ ಹೀರುವುದು ಇನ್ನೂ ಕಷ್ಟ. ಭಾದ್ರಪದದ ಮಳೆಯಲ್ಲಿ ಹಳದಿಯಾದ ಗಿಡ ಮಣ್ಣು ಆರಿದ ಮೇಲೆ ತಾನಾಗೇ ಹಸಿರಾಗುವುದುಂಟು. ಅದಕ್ಕೇ ಮೊದಲು ಅಗೆಯಿರಿ ಅಂದದ್ದು.

ಮೊಟ್ಟೆ ಸಿಪ್ಪೆ ಹಾಕುವವರಿಗೆ ಒಂದು ಮಾತು: ಮೊಟ್ಟೆ ಸಿಪ್ಪೆಯೂ ಸುಣ್ಣವೇ. ಒಲೆಯ ಬೂದಿಯೂ ಕ್ಷಾರವೇ. ಬೇರೆ ಊರಿನ ವಿಡಿಯೋ ನೋಡಿ ಇಲ್ಲಿ ಹಾಕಬೇಡಿ. ಎಪ್ಸಮ್ ಉಪ್ಪು ಎಲ್ಲದಕ್ಕೂ ಮದ್ದು ಅನ್ನುವವರೂ ಇದ್ದಾರೆ. ಅದರಲ್ಲಿ ಇರುವುದು ಮೆಗ್ನೀಷಿಯಂ. ಹಳೆ ಎಲೆಯಲ್ಲಿ ನರದ ನಡುವೆ ಹಳದಿಯಾಗಿ, ತೊಟ್ಟಿನ ಹತ್ತಿರ ಮಾತ್ರ ಹಸಿರು ಉಳಿದಿದ್ದರೆ ಹಾಕಬಹುದು. ಕುಂಡದ ಗಿಡದಲ್ಲಿ ಹಾಗೆ ಆಗಬಹುದು. ಎರೆಮಣ್ಣಲ್ಲಿ ಅಪರೂಪ.

ಬೀದರ್‌ನವರಿಗೆ ಲೆಕ್ಕ ಬೇರೆ. ಅಲ್ಲಿನ ದಿಣ್ಣೆಯ ಮೇಲೆ ಜಂಬಿಟ್ಟಿಗೆಯ ಕೆಂಪು ಮಣ್ಣು. ನೀರು ಸರ್ರನೆ ಇಳಿಯುತ್ತದೆ. ನೌಬಾದ್‌ನ ಸುರಂಗ ಬಾವಿಗೆ ಬಹಮನಿ ಕಾಲದಲ್ಲಿ ನೀರು ಕೂಡಿದ್ದೇ ಜಂಬಿಟ್ಟಿಗೆಯ ಮೂಲಕ ಇಳಿದ ಮಳೆ ಕೆಳಗಿನ ಕರಿಕಲ್ಲಿನ ಮೇಲೆ ನಿಲ್ಲುವುದರಿಂದ. ಅಂಥ ಮಣ್ಣಲ್ಲಿ ಎಲೆ ಹಳದಿಯಾದರೆ ಬಾಯಾರಿಕೆ, ಹಸಿವು ಎರಡನ್ನೂ ಮೊದಲು ಅನುಮಾನಿಸಿ. ಕಬ್ಬಿಣ ಆಮೇಲೆ. ಅದೇ ಜಿಲ್ಲೆಯ ಎರೆ ಹೊಲದ ಕಡೆ ಮನೆ ಇದ್ದರೆ ಮತ್ತೆ ನಮ್ಮ ಕಥೆಯೇ.

ಹಳೆ ಎಲೆ ಪೂರ್ತಿ ಹಳದಿ

ಮಣ್ಣು ಸರಿಯಿದೆ, ಕೆಳಗಿನ ಎಲೆ ನರ ಸಮೇತ ತಿಳಿ ಹಳದಿ, ಇಡೀ ಗಿಡ ಪೇಲವ, ಚಿಗುರು ಸಣ್ಣ. ಇದು ಸಾರಜನಕದ ಹಸಿವು. ವರ್ಷಗಟ್ಟಲೆ ಮಣ್ಣು ಬದಲಿಸದ ಕುಂಡದಲ್ಲಿ ಜಾಸ್ತಿ. ಕೊಳೆತ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಕೊಡಿ. ಬೇಸಿಗೆಯ ಉರಿಯಲ್ಲಿ, ಒಣ ಮಣ್ಣಿಗೆ ಯೂರಿಯಾ ಮಾತ್ರ ಬೇಡ. ಬೇರು ಸುಟ್ಟು ಇದ್ದ ಎಲೆಯೂ ಹೋಗುತ್ತದೆ.

ಅಂಚು ಸುಟ್ಟು ಉದುರುವುದು

ಎಲೆಯ ತುದಿ, ಅಂಚು ಕಂದಾಗಿ ಆಮೇಲೆ ಹಳದಿಯಾಗಿ ಬೀಳುತ್ತಿದ್ದರೆ ನೀರಿನ ಉಪ್ಪಿನ ಮೇಲೆ ಅನುಮಾನ ಪಡಿ. ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಪುಡಿ ಇದೆಯಾ ನೋಡಿ. ಕುಡಿಯುವ ನೀರಿನ ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರನ್ನು ದಂಡ ಮಾಡಬಾರದು ಅಂತ ಗಿಡಕ್ಕೆ ಹಾಕುತ್ತೀರಾ? ಬೋರ್ ನೀರಿನ ಉಪ್ಪೆಲ್ಲ ಅದರಲ್ಲಿ ಕೂಡಿಕೊಂಡಿರುತ್ತದೆ. ಅಂಗಳ ತೊಳೆಯಲು ಬಳಸಿ. ವಾಷಿಂಗ್ ಮಷೀನ್ ನೀರೂ ಬೇಡ, ಸೋಪಿನ ಸೋಡಿಯಂ ಎರೆಮಣ್ಣನ್ನು ಇನ್ನಷ್ಟು ಅಂಟಾಗಿಸುತ್ತದೆ. ಕುಂಡದ ತೂತು ತೆರೆದಿದೆ ಅಂತ ಖಾತ್ರಿ ಮಾಡಿಕೊಂಡು, ಕೆಳಗಿಂದ ಧಾರಾಳವಾಗಿ ಹರಿದುಹೋಗುವಷ್ಟು ಒಳ್ಳೆ ನೀರು ಹಾಕಿ ಉಪ್ಪು ತೊಳೆಯಿರಿ. ಮಳೆನೀರು ಸಿಕ್ಕರೆ ಇನ್ನೂ ಛಲೋ.

ಸುಟ್ಟ ಕಲೆ ಪಶ್ಚಿಮದ ಕಡೆಯ ಎಲೆಗಳಲ್ಲಿ ಮಾತ್ರ ಇದ್ದರೆ ಅದು ಬಿಸಿಲು. ಕಲ್ಲು ಹಾಸಿದ ಅಂಗಳ ಮೇ ತಿಂಗಳ ಸಂಜೆಯ ತನಕ ಕಾವು ಬಿಡುತ್ತದೆ. ಕುಂಡವನ್ನು ಇಟ್ಟಿಗೆಯ ಮೇಲಿಡಿ, ಹಸಿರು ನೆಟ್ ಕಟ್ಟಿ.

ಎಲೆ ಮಗುಚಿ ನೋಡಿ

ಬೇಸಿಗೆಯಲ್ಲಿ ಎಲೆಯ ಮೇಲೆ ಸೂಜಿ ಚುಚ್ಚಿದಂತೆ ಸಾವಿರ ಹಳದಿ ಚುಕ್ಕೆ ಬಂದು, ಎಲೆ ಮಂಕಾಗಿ ಉದುರಿದರೆ ಮೈಟ್ ನುಸಿ ಇರಬಹುದು. ಬಿಳಿ ಹಾಳೆ ಹಿಡಿದು ಟೊಂಗೆ ಕೊಡವಿ. ಬಿದ್ದ ಧೂಳು ನಡೆಯಲು ಶುರು ಮಾಡಿದರೆ ನುಸಿಯೇ. ಒಣ ಹವೆ, ರಸ್ತೆಯ ಧೂಳು ಅದಕ್ಕೆ ಇಷ್ಟ. ಎರಡು ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಎಲೆಯ ಕೆಳಬದಿಗೆ ಜೋರಾಗಿ ನೀರು ಹೊಡೆದರೆ ಅರ್ಧಕ್ಕರ್ಧ ಹೋಗುತ್ತದೆ.

ದಾಸವಾಳದಲ್ಲಿ ಬಿಳಿ ಹತ್ತಿಯಂಥದ್ದು ಅಂಟಿದ್ದರೆ ಹಿಟ್ಟು ತಿಗಣೆ. ಅಲುಗಿಸಿದರೆ ಬಿಳಿ ಹುಳು ಹಾರಿದರೆ ಬಿಳಿ ನೊಣ. ಎಲೆ ಜಿಗುಟಾಗಿ ಕಪ್ಪು ಮಸಿ ಕೂತಿದ್ದರೆ ಇಂಥ ರಸ ಹೀರುವ ಹುಳು ಮೇಲಿನ ಎಲೆಯಲ್ಲೆಲ್ಲೋ ಇದೆ. ಇರುವೆ ಸಾಲು ಹಿಡಿದು ಹೋದರೆ ಹುಳ ಸಿಗುತ್ತದೆ. ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಕೆಲವು ಹನಿ ಸೋಪು ದ್ರಾವಣ, ಸಂಜೆ ಹೊತ್ತಿಗೆ. ಕರಿಬೇವಿಗೆ ಹೊಡೆದರೆ ಕೆಲವು ದಿನ ಒಗ್ಗರಣೆಗೆ ಕೀಳಬೇಡಿ.

ಒಂದೇ ಟೊಂಗೆ ಹಳದಿಯಾಗಿದ್ದರೆ ಆ ಟೊಂಗೆಯನ್ನು ಬುಡದ ತನಕ ಕೈಯಾಡಿಸಿ ನೋಡಿ. ತೂತು, ಹೊಟ್ಟಿನಂಥ ಪುಡಿ, ಸೀಳು ಇರಬಹುದು. ನರ್ಸರಿಯವರು ಕೋಲಿಗೆ ಕಟ್ಟಿದ ಪ್ಲಾಸ್ಟಿಕ್ ದಾರ ಕಾಂಡದೊಳಗೆ ಇಳಿದಿರುವುದೂ ಉಂಟು. ಬೇರೆ ಬೇರೆ ಜಾತಿಯ ಗಿಡಗಳೆಲ್ಲ ಒಂದೇ ವಾರದಲ್ಲಿ ಹಳದಿಯಾದರೆ, ಪಕ್ಕದ ನಿವೇಶನಕ್ಕೆ ಕಳೆನಾಶಕ ಹೊಡೆದರಾ ಅಂತ ವಿಚಾರಿಸಿ.

ಆಮೇಲೆ ಏನು ನೋಡಬೇಕು

ಪೂರ್ತಿ ಹಳದಿಯಾದ ಹಳೆ ಎಲೆ ಮತ್ತೆ ಹಸಿರಾಗುವುದಿಲ್ಲ. ಅದನ್ನೇ ನೋಡುತ್ತಾ ಕೂತರೆ ಔಷಧಿ ಬದಲಿಸುತ್ತಲೇ ಇರುತ್ತೀರಿ. ಪರಿಹಾರ ಮಾಡಿದ ದಿನ ತುದಿಯ ಕೆಳಗೆ ಒಂದು ದಾರ ಕಟ್ಟಿ. ಮೂರ್ನಾಲ್ಕು ವಾರದಲ್ಲಿ ದಾರದ ಮೇಲೆ ಬಂದ ಎಲೆ ಹಸಿರಾಗಿದ್ದರೆ ದಾರಿ ಸರಿಯಿದೆ. ಎಲೆಯೆಲ್ಲ ಉದುರಿದ ಗಿಡವಾದರೆ ಉಗುರಿನಿಂದ ತೊಗಟೆ ಕೆರೆಯಿರಿ. ಒಳಗೆ ಹಸಿರು, ತೇವ ಇದ್ದರೆ ಜೀವ ಇದೆ. ಒಣಗಿದ ಕಡ್ಡಿ ಮಾತ್ರ ಕತ್ತರಿಸಿ. ವೈಶಾಖದಲ್ಲಿ ಹಸಿ ಟೊಂಗೆ ಸವರಬೇಡಿ.

ಇಷ್ಟಾದರೂ ತಿಳಿಯದಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ. ಮೇಲಿನ ಕಸ ಸರಿಸಿ, ನಾಲ್ಕೈದು ಕಡೆ ಒಂದು ಗೇಣು ಆಳದ ತನಕದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಒಯ್ಯಿರಿ. ಎಲ್ಲಿ ಕೊಡಬೇಕು ಅಂತ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ಹೇಳುತ್ತಾರೆ. ರಸಸಾರ (ಪಿಎಚ್), ಲವಣಾಂಶ, ಸುಣ್ಣದ ಅಂಶ ಮೂರೂ ಬೇಕು ಅಂತ ಹೇಳಿ.

ವಿನೆಗರ್ ಹಾಕಿದರೆ ಜೋರಾಗಿ ನೊರೆ ಬರುವ ಜಾಗದಲ್ಲಿ ಇಕ್ಸೋರಾ, ಗಾರ್ಡೇನಿಯಾ ಜೊತೆ ಜಗಳ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಕಾಗದದ ಹೂ, ಮೆಹಂದಿ, ದಾಳಿಂಬೆ, ಕಣಗಿಲೆ ಆರಾಮಾಗಿ ಬರುತ್ತವೆ. ನಾನು ಗಾರೆಯ ಸಾಲಿನ ಇಕ್ಸೋರಾಗಳಲ್ಲಿ ಉಳಿದ ಎರಡನ್ನು ಕುಂಡಕ್ಕೆ ಹಾಕಿ ಮಳೆನೀರು ಕೊಡುತ್ತಿದ್ದೇನೆ. ವೈನಿಯ ದಾಸವಾಳ ಆ ಮಡಿಯಲ್ಲಿ ಬದುಕಲಿಲ್ಲ. ಆದರೆ ಅದರಿಂದ ಕತ್ತರಿಸಿಟ್ಟ ನಾಲ್ಕು ಕಡ್ಡಿಗಳಲ್ಲಿ ಮೂರು ಬೇರು ಬಿಟ್ಟವು. ಮಿರಗದ ಮಳೆ ಬೀಳುವ ಹೊತ್ತಿಗೆ ಒಂದಡಿ ದಿಬ್ಬ ಮಾಡಿ ನೆಟ್ಟೆವು. ಈಗ ವೈನಿ ನೀರು ಹಾಕುವ ಮುಂಚೆ ಖುರ್ಪಿ ಹುಡುಕುತ್ತಾರೆ. ಅದು ಹೆಚ್ಚಾಗಿ ನಮ್ಮ ಮನೆಯಲ್ಲೇ ಇರುತ್ತದೆ.